ಡಿಎಂಪಿ ಟೂಲ್: ಎರಡು ಪ್ರಾಜೆಕ್ಟ್‌ಗಳಲ್ಲಿ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಡಿಎಂಪಿ ಟೂಲ್ ಒಂದು ವೆಬ್‌ಸೈಟ್. ಡಿಎಂಪಿ ಅಂದರೆ ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್. ಸಂಶೋಧನೆ ಶುರುವಾಗುವ ಮುಂಚೆ ಡೇಟಾವನ್ನು ಹೇಗೆ ಕೂಡಿಸುತ್ತೀರಿ, ಎಲ್ಲಿ ಇಡುತ್ತೀರಿ, ಯಾರು ನೋಡಿಕೊಳ್ಳುತ್ತಾರೆ, ಕೊನೆಗೆ ಯಾರಿಗೆ ಕೊಡುತ್ತೀರಿ ಅಂತೆಲ್ಲ ಬರೆದಿಡುವ ಪ್ಲಾನ್ ಇದೆಯಲ್ಲ, ಅದನ್ನು ಒಂದೊಂದೇ ಪ್ರಶ್ನೆ ಕೇಳಿ ನಿಮ್ಮಿಂದ ಬರೆಸುತ್ತದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಅಕೌಂಟ್ ತೆರೆಯಬಹುದು.

ನಾನು ಇದನ್ನು ಎರಡು ಪ್ರಾಜೆಕ್ಟ್‌ಗಳಿಗೆ ಬಳಸಿದೆ. ಎರಡೂ ನದಿ ನೀರಿನ ಗುಣಮಟ್ಟದ ಮೇಲೆ. ಮೊದಲ ಸಲ ಪ್ಲಾನ್ ಚೆನ್ನಾಗಿ ಕಾಣಿಸಿತು, ಡೇಟಾ ಹಾಳಾಯಿತು. ಎರಡನೇ ಸಲ ಅದೇ ಟೂಲ್, ಅವೇ ಪ್ರಶ್ನೆಗಳು, ಆದರೆ ಕೆಲಸ ಬೇರೆ ಥರ ನಡೆಯುತ್ತಿದೆ. ನಡುವೆ ಬದಲಾಗಿದ್ದು ಒಂದೇ: ಉತ್ತರ ಬರೆಯುವ ಮುಂಚೆ ನಾವು ಗುರಿಗಳನ್ನು ಇಟ್ಟುಕೊಂಡೆವು. ಹಾಗಾಗಿ ಈ ವಿಮರ್ಶೆ ಅರ್ಧ ಟೂಲ್ ಬಗ್ಗೆ, ಅರ್ಧ ಆ ಗುರಿಗಳ ಬಗ್ಗೆ. ಎರಡನ್ನೂ ಬೇರೆ ಮಾಡಿ ಹೇಳೋಕೆ ಆಗುವುದಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ 2011ರ ಜನವರಿಯಿಂದ ಅನುದಾನ ಕೇಳುವ ಪ್ರತಿ ಅರ್ಜಿಯ ಜೊತೆಗೂ ಹೆಚ್ಚೆಂದರೆ ಎರಡು ಪುಟದ ಡೇಟಾ ಪ್ಲಾನ್ ಬೇಕೇ ಬೇಕು ಅಂದಿತು. ಸಂಶೋಧಕರಿಗೆ ಅದನ್ನು ಹೇಗೆ ಬರೆಯಬೇಕು ಅಂತಲೇ ಗೊತ್ತಿರಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ ಇನ್ನೂ ಕೆಲವು ಸಂಸ್ಥೆಗಳ ಜೊತೆ ಸೇರಿ ಈ ಟೂಲ್ ತಂದಿತು. ಬ್ರಿಟನ್ನಿನಲ್ಲಿ ಡಿಜಿಟಲ್ ಕ್ಯುರೇಷನ್ ಸೆಂಟರ್‌ನವರದ್ದು ಡಿಎಂಪಿ ಆನ್‌ಲೈನ್ ಅಂತ ಇನ್ನೊಂದಿದೆ. ಆಮೇಲೆ ಎರಡೂ ತಂಡದವರು ಕೂಡಿ ಒಂದೇ ಕೋಡ್ ಇಟ್ಟುಕೊಂಡರು, ಹಾಗಾಗಿ ಒಂದನ್ನು ಬಲ್ಲವರಿಗೆ ಇನ್ನೊಂದು ಹೊಸದು ಅನ್ನಿಸುವುದಿಲ್ಲ.

ಈಗ ಮೊದಲ ಪ್ರಾಜೆಕ್ಟ್ ಕಥೆ. ಅರ್ಜಿ ಕಳಿಸೋಕೆ ಎರಡು ದಿನ ಉಳಿದಿತ್ತು. ರಾತ್ರಿ ಕೂತು ಟೆಂಪ್ಲೇಟ್ ತೆರೆದು ಬರೆದೆ. ‘ಡೇಟಾವನ್ನು ಸುರಕ್ಷಿತವಾಗಿ ಇಡಲಾಗುವುದು. ನಿಯಮಿತವಾಗಿ ಬ್ಯಾಕಪ್ ತೆಗೆಯಲಾಗುವುದು. ಸೂಕ್ತ ಸಮಯದಲ್ಲಿ ಹಂಚಿಕೊಳ್ಳಲಾಗುವುದು.’ ಇಂಗ್ಲಿಷಿನಲ್ಲಿ ಬರೆದಿದ್ದೆ, ಆದರೆ ಸಾರಾಂಶ ಇದೇ. ಟೂಲ್ ಇದನ್ನು ಒಪ್ಪಿಕೊಂಡಿತು, ಪಿಡಿಎಫ್ ಮಾಡಿ ಕೊಟ್ಟಿತು, ಅರ್ಜಿಯೂ ಪಾಸಾಯಿತು. ಆ ಪಿಡಿಎಫ್ ಅನ್ನು ಆಮೇಲೆ ನಮ್ಮಲ್ಲಿ ಯಾರೂ ತೆರೆಯಲಿಲ್ಲ.

ಎರಡನೇ ವರ್ಷ ತಂಡಕ್ಕೆ ಹೊಸದಾಗಿ ಬಂದ ಹುಡುಗಿ ನೈಟ್ರೇಟ್ ಗ್ರಾಫ್ ಹಾಕುತ್ತಾ ಕೇಳಿದಳು: ‘ಮೇಡಂ, ಇದು ನೈಟ್ರೇಟ್ ಲೆಕ್ಕವೋ, ನೈಟ್ರೇಟ್‌ನಲ್ಲಿರುವ ನೈಟ್ರೋಜನ್ ಲೆಕ್ಕವೋ?’ ಕಾಲಂ ತಲೆಬರಹದಲ್ಲಿ ಬರೀ ‘ನೈಟ್ರೇಟ್’ ಅಂತಿತ್ತು. ಈ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಎರಡಕ್ಕೂ ಘಟಕ ಮಿಲಿಗ್ರಾಂ ಪ್ರತಿ ಲೀಟರ್, ಆದರೆ ನೈಟ್ರೋಜನ್ ಲೆಕ್ಕದಿಂದ ನೈಟ್ರೇಟ್ ಲೆಕ್ಕಕ್ಕೆ ಹೋಗೋಕೆ ಸುಮಾರು 4.43ರಿಂದ ಗುಣಿಸಬೇಕು. 10 ಅಂತ ಬರೆದಿದ್ದರೆ ಅದು 10 ಆಗಿರಬಹುದು, 44 ಆಗಿರಬಹುದು. ನಮ್ಮಲ್ಲಿ ಇಬ್ಬರು ಎರಡು ಬೇರೆ ಕಿಟ್‌ಗಳಲ್ಲಿ ಅಳೆದು ಒಂದೇ ಶೀಟ್‌ನಲ್ಲಿ ತುಂಬಿಸಿದ್ದರು. ಅವರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗಿ ಆರು ತಿಂಗಳಾಗಿತ್ತು. ಮೂರು ವಾರ ಲ್ಯಾಬ್ ನೋಟ್‌ಬುಕ್ ತಿರುವಿ ಹಾಕಿದೆವು. ಕೊನೆಗೆ ನಾಲ್ಕು ತಿಂಗಳ ಅಳತೆಗಳನ್ನು ಬಿಟ್ಟುಬಿಡಬೇಕಾಯಿತು. ಆ ನಾಲ್ಕು ತಿಂಗಳು ಮಳೆಗಾಲ, ನದಿಗೆ ಗೊಬ್ಬರ ಹರಿದು ಬರುವ ಹೊತ್ತು. ನಮಗೆ ಬೇಕಿದ್ದೇ ಅದು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತಲ್ಲ, ಅದಕ್ಕೂ ಕಾರಣ ಇದೇ ಜಾತಿಯದ್ದು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ಕಡೆಯದು ನ್ಯೂಟನ್ ಅಂದುಕೊಂಡಿತು. ಅಷ್ಟು ದೊಡ್ಡ ತಂಡಕ್ಕೂ ಹಾಗಾಗುತ್ತದೆ ಅಂದರೆ, ನಾಲ್ಕು ಜನರ ತಂಡ ‘ಎಲ್ಲರಿಗೂ ಗೊತ್ತಿದೆ ಬಿಡಿ’ ಅಂತ ಕೂರೋದು ಎಷ್ಟು ಅಪಾಯ ನೋಡಿ.

ಎರಡನೇ ಪ್ರಾಜೆಕ್ಟ್ ಶುರುವಾದಾಗ ಟೂಲ್ ತೆರೆಯುವ ಮುಂಚೆ ನಾಲ್ಕೂ ಜನ ಕೂತು ಹಳೆಯ ಪ್ಲಾನ್ ಓದಿದೆವು. ತಪ್ಪು ಎಲ್ಲಿದೆ ಅಂತ ಕನ್ನಡದಲ್ಲಿ ಹೇಳಿಕೊಂಡಾಗಲೇ ಹೊಳೆಯಿತು. ಇಡಲಾಗುವುದು, ತೆಗೆಯಲಾಗುವುದು, ಹಂಚಿಕೊಳ್ಳಲಾಗುವುದು. ‘ಲಾಗುವುದು’ ಅಂತ ಮುಗಿದರೆ ಯಾರು ಅನ್ನೋದೇ ವಾಕ್ಯದಲ್ಲಿ ಇರುವುದಿಲ್ಲ. ಯಾವಾಗ ಅನ್ನೋದೂ ಇಲ್ಲ. ಆಗಿದೆಯೋ ಇಲ್ಲವೋ ಅಂತ ನೋಡುವ ದಾರಿಯೂ ಇಲ್ಲ. ಆವತ್ತೇ ಒಂದು ನಿಯಮ ಮಾಡಿಕೊಂಡೆವು: ಪ್ಲಾನ್‌ನಲ್ಲಿ ಏನೇ ಬರೆದರೂ ಮೊದಲು ಕನ್ನಡದಲ್ಲಿ, ಯಾರು, ಯಾವಾಗ, ಹೇಗೆ ನೋಡುವುದು ಅಂತ ಸೇರಿಸಿ, ‘ಲಾಗುವುದು’ ಇಲ್ಲದೆ ಬರೆಯಬೇಕು. ಅದು ಗುರಿ. ಟೂಲ್‌ಗೆ ಹೋಗುವುದು ಅದರ ಇಂಗ್ಲಿಷ್ ರೂಪ.

ಈಗ ಟೂಲ್ ಹೇಗಿದೆ ಹೇಳುತ್ತೇನೆ. ಹೊಸ ಪ್ಲಾನ್ ಶುರು ಮಾಡಿದಾಗ ಪ್ರಾಜೆಕ್ಟ್ ಹೆಸರು, ನಿಮ್ಮ ಸಂಸ್ಥೆ, ಅನುದಾನ ಕೊಡುವವರು ಯಾರು ಅಂತ ಕೇಳುತ್ತದೆ. ಅನುದಾನ ಕೊಡುವವರಿಗೆ ತಕ್ಕ ಟೆಂಪ್ಲೇಟ್ ತೋರಿಸುತ್ತದೆ, ಯಾರೂ ಇಲ್ಲದಿದ್ದರೆ ಸಾಮಾನ್ಯ ಟೆಂಪ್ಲೇಟ್ ಇದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮಾರ್ಗದರ್ಶನ ಇರುತ್ತದೆ. ಈ ಪಕ್ಕದ ಮಾತುಗಳೇ ನನ್ನ ಪ್ರಕಾರ ಟೂಲ್‌ನ ಒಳ್ಳೆಯ ಭಾಗ. ಮೊದಲ ಸಲ ನಾನು ಅವನ್ನು ಓದಲೇ ಇಲ್ಲ. ಎರಡನೇ ಸಲ ಒಂದೊಂದನ್ನೂ ಓದಿ ಅದರ ಮೇಲೆ ಮಾತಾಡಿದೆವು. ಜೊತೆಗಾರರನ್ನು ಸೇರಿಸಬಹುದು, ಯಾರು ತಿದ್ದಬಹುದು, ಯಾರು ಬರೀ ಓದಬಹುದು ಅಂತ ಹೇಳಬಹುದು, ಉತ್ತರದ ಪಕ್ಕ ಕಾಮೆಂಟ್ ಹಾಕಬಹುದು. ನಮ್ಮ ಜಗಳಗಳೆಲ್ಲ ಅಲ್ಲೇ ಕಾಮೆಂಟ್‌ಗಳಲ್ಲಿ ನಡೆದವು, ಅದು ಒಳ್ಳೆಯದೇ ಆಯಿತು. ಯಾಕೆ ಹಾಗೆ ತೀರ್ಮಾನಿಸಿದೆವು ಅಂತ ನೋಡೋಕೆ ಇವತ್ತಿಗೂ ಸಿಗುತ್ತದೆ.

ಪ್ರಶ್ನೆಗಳ ಸಾಲು ಕೂಡ ಯೋಚಿಸಿ ಮಾಡಿದ್ದು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಡೇಟಾ ನೀತಿ 2023ರ ಜನವರಿಯಲ್ಲಿ ಜಾರಿಗೆ ಬಂತು. ಆಗ ಅವರ ಟೆಂಪ್ಲೇಟ್‌ನಲ್ಲಿ ಆರು ಭಾಗ ಇತ್ತು. ಯಾವ ಥರದ ಡೇಟಾ, ಅದನ್ನು ತೆರೆಯೋಕೆ ಯಾವ ಸಾಫ್ಟ್‌ವೇರ್ ಬೇಕು, ಯಾವ ಮಾನದಂಡ, ಎಲ್ಲಿ ಎಷ್ಟು ಕಾಲ ಉಳಿಯುತ್ತದೆ, ಯಾರಿಗೆ ಯಾವ ಷರತ್ತಿನ ಮೇಲೆ ಸಿಗುತ್ತದೆ, ಕೊನೆಗೆ ಇದನ್ನೆಲ್ಲ ಯಾರು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ. ಆ ಕೊನೆಯ ಪ್ರಶ್ನೆಗೆ ಜನ ಒಂದೇ ಸಾಲು ಬರೆದು ಮುಗಿಸುತ್ತಾರೆ. ನಾವು ಅಲ್ಲಿಂದಲೇ ಶುರು ಮಾಡಿದೆವು. ಯಾರು ನೋಡುತ್ತಾರೆ ಅಂತ ತೀರ್ಮಾನವಾಗದೆ ಉಳಿದ ಐದಕ್ಕೂ ಉತ್ತರ ಬರೆದು ಏನು ಪ್ರಯೋಜನ?

ಮೊದಲ ಪಟ್ಟಿಯಲ್ಲಿ 23 ಗುರಿಗಳಿದ್ದವು. ಜಾಸ್ತಿಯಾಯಿತು. ನಾಲ್ಕು ಜನ ನೀರಿನ ಸ್ಯಾಂಪಲ್ ತರುವುದೋ, ಗುರಿ ಎಣಿಸುತ್ತಾ ಕೂರುವುದೋ? 11ಕ್ಕೆ ಇಳಿಸಿದೆವು. ಕೆಲವನ್ನು ಹೇಳುತ್ತೇನೆ.

ಮೊದಲನೆಯದು ನೈಟ್ರೇಟ್ ಕಲಿಸಿದ ಪಾಠ. ಯಾವುದೇ ಟೇಬಲ್‌ನಲ್ಲಿ ಮೊದಲ ಅಳತೆ ತುಂಬುವ ಮುಂಚೆ ಅದರ ಡೇಟಾ ಡಿಕ್ಷನರಿ ಇರಬೇಕು. ಅಂದರೆ ಪ್ರತಿ ಕಾಲಂ ಏನು, ಘಟಕ ಯಾವುದು, ಯಾವ ಸಲಕರಣೆಯಿಂದ ಬಂತು, ಅಳತೆ ಸಿಗದಿದ್ದರೆ ಏನು ಬರೆಯಬೇಕು. ಸೊನ್ನೆಯೋ ಖಾಲಿಯೋ ಅನ್ನೋದು ಚಿಕ್ಕ ವಿಷಯ ಅನ್ನಿಸಬಹುದು. ಸೊನ್ನೆ ಅಂದರೆ ನೈಟ್ರೇಟ್ ಇಲ್ಲ ಅಂತ, ಖಾಲಿ ಅಂದರೆ ನಾವು ಅಳೆಯಲಿಲ್ಲ ಅಂತ. ಎರಡಕ್ಕೂ ಆಕಾಶ ಭೂಮಿಯ ಅಂತರ.

ಮೂಲ ಫೈಲ್‌ಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ಸೆನ್ಸರ್‌ನಿಂದ ಇಳಿಸಿದ ಫೈಲ್ 48 ಗಂಟೆಯೊಳಗೆ ಒಂದು ಫೋಲ್ಡರ್‌ಗೆ ಹೋಗಬೇಕು, ಓದೋಕೆ ಮಾತ್ರ ಅನ್ನುವ ಹಾಗೆ ಬೀಗ ಬೀಳಬೇಕು. ತಿದ್ದುವುದೆಲ್ಲ ಪ್ರತಿಯ ಮೇಲೆ, ಅದೂ ಕೋಡ್ ಬರೆದು, ಕೈಯಲ್ಲಿ ಅಲ್ಲ. ದಿನಾಂಕ ಯಾವಾಗಲೂ ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ, 2024-03-05 ಹೀಗೆ. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇದನ್ನೇ. ಫೈಲ್ ಹೆಸರಿನಲ್ಲೂ ಹಾಗೇ ಬರೆದರೆ ತಾನಾಗಿ ಸಾಲಾಗಿ ನಿಲ್ಲುತ್ತವೆ. ಕೈಯಲ್ಲಿ ಸ್ಪ್ರೆಡ್‌ಶೀಟ್ ತಿದ್ದಬೇಡಿ ಅಂತ ನಾನು ಇಷ್ಟು ಹಟ ಹಿಡಿಯೋಕೆ ಕಾರಣ ಇದೆ. ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ದಿನಾಂಕ ಅಂದುಕೊಂಡು ಬದಲಾಯಿಸಿಬಿಡುತ್ತಿತ್ತು. ಸೆಪ್ಟ್1 ಅಂತ ಬರೆದರೆ ಸೆಪ್ಟೆಂಬರ್ 1. 2016ರಲ್ಲಿ ಒಂದು ಅಧ್ಯಯನದವರು ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟ ಪ್ರಬಂಧಗಳನ್ನು ತೆಗೆದು ನೋಡಿದರೆ ಸುಮಾರು ಐದರಲ್ಲಿ ಒಂದರಲ್ಲಿ ಈ ಥರದ ತಪ್ಪು ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೆಪ್ಟ್1 ಅನ್ನು ಸೆಪ್ಟಿನ್1 ಅಂತ ಬದಲಾಯಿಸಿದ್ದನ್ನು ಹೇಳಿತು. ಸಾಫ್ಟ್‌ವೇರ್‌ಗೆ ಹೆದರಿ ಜೀನ್ ಹೆಸರು ಬದಲಾಯಿಸಬೇಕಾಯಿತು, ಯೋಚನೆ ಮಾಡಿ!

ಬ್ಯಾಕಪ್ ವಿಷಯಕ್ಕೆ ಬರೋಣ. ಮೂರು ಪ್ರತಿ, ಎರಡು ಬೇರೆ ಥರದ ಜಾಗ, ಒಂದು ದೂರದಲ್ಲಿ ಅನ್ನುವ 3-2-1 ನಿಯಮ ಬಹಳ ಜನಕ್ಕೆ ಗೊತ್ತು. ನಾವೂ ಅದನ್ನೇ ಬರೆದೆವು. ಆದರೆ ನಮ್ಮ ಗುರಿ ಬ್ಯಾಕಪ್ ತೆಗೆಯುವುದು ಅಲ್ಲ, ಬ್ಯಾಕಪ್‌ನಿಂದ ಫೈಲ್ ವಾಪಸ್ ತರುವುದು. ಪ್ರತಿ ತಿಂಗಳ ಮೊದಲ ಶುಕ್ರವಾರ ಒಬ್ಬರು ಸುಮ್ನೆ ಯಾವುದಾದರೂ ಒಂದು ಫೈಲ್ ಆರಿಸಿ, ದೂರದ ಪ್ರತಿಯಿಂದ ತಂದು, ತೆರೆದು, ಮೂಲದ ಜೊತೆ ಚೆಕ್‌ಸಮ್ (ಫೈಲ್‌ನಲ್ಲಿ ಇರುವುದರಿಂದ ಲೆಕ್ಕ ಹಾಕಿದ ಗುರುತು, ಫೈಲ್ ಬದಲಾದರೆ ಅದೂ ಬದಲಾಗುತ್ತದೆ) ಹೊಂದುತ್ತದೋ ನೋಡಬೇಕು. ಹತ್ತು ನಿಮಿಷದ ಕೆಲಸ. 2021ರ ಡಿಸೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಲ್ಲಿ ಸುಮಾರು 77 ಟೆರಾಬೈಟ್ ಡೇಟಾ ಅಳಿಸಿ ಹೋಯಿತು, 3.4 ಕೋಟಿಯಷ್ಟು ಫೈಲ್‌ಗಳು, 14 ಸಂಶೋಧನಾ ಗುಂಪುಗಳದ್ದು. ಅಳಿಸಿದ್ದು ಕಳ್ಳನಲ್ಲ, ವೈರಸ್ ಅಲ್ಲ. ಬ್ಯಾಕಪ್ ಮಾಡುವ ಪ್ರೋಗ್ರಾಂನಲ್ಲೇ ದೋಷ ಇತ್ತು. ಕಾಯಬೇಕಾದ ಬೇಲಿಯೇ ಹೊಲ ಮೇಯಿತು. ಇದನ್ನು ಓದಿದ ದಿನದಿಂದ ‘ಬ್ಯಾಕಪ್ ಇದೆ’ ಅನ್ನುವ ಮಾತನ್ನು ನಾನು ಯಾರಿಂದಲೂ ಹಾಗೇ ಒಪ್ಪಿಕೊಳ್ಳುವುದಿಲ್ಲ. ವಾಪಸ್ ತಂದು ತೋರಿಸಿ ಅನ್ನುತ್ತೇನೆ.

ಇವೆಲ್ಲ ತಡವಾದರೂ ಹೇಗೋ ಸರಿ ಮಾಡಿಕೊಳ್ಳಬಹುದಾದ ವಿಷಯಗಳು. ತಡವಾದರೆ ಸರಿಹೋಗದ ಒಂದು ಗುರಿ ಇದೆ, ಅದೇ ಒಪ್ಪಿಗೆ ಪತ್ರ. ನಮ್ಮ ಎರಡನೇ ಪ್ರಾಜೆಕ್ಟ್‌ನಲ್ಲಿ ನದಿ ದಂಡೆಯ ಜನರ ಸಂದರ್ಶನಗಳೂ ಇವೆ. ಅವರ ಮಾತನ್ನು ರೆಕಾರ್ಡ್ ಮಾಡುತ್ತೇವೆ. ‘ನಿಮ್ಮ ಮಾತನ್ನು ಈ ಸಂಶೋಧನೆಗೆ ಮಾತ್ರ ಬಳಸುತ್ತೇವೆ’ ಅಂತ ಸಹಿ ಹಾಕಿಸಿಕೊಂಡರೆ ಮುಗಿಯಿತು. ಮೂರು ವರ್ಷ ಆದ ಮೇಲೆ ಅದನ್ನು ಬೇರೆ ಸಂಶೋಧಕರಿಗೆ ಕೊಡಬೇಕು ಅಂದರೆ ಪ್ರತಿಯೊಬ್ಬರನ್ನೂ ಹುಡುಕಿ ಮತ್ತೆ ಕೇಳಬೇಕು, ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಬದುಕಿರುವುದೇ ಇಲ್ಲ. ಟೂಲ್‌ನಲ್ಲಿ ಹಂಚಿಕೊಳ್ಳುವ ಬಗ್ಗೆ ಪ್ರಶ್ನೆ ಕೊನೆಯ ಕಡೆ ಬರುತ್ತದೆ, ಹಾಗಾಗಿ ಅದು ಕೊನೆಯಲ್ಲಿ ಮಾಡುವ ಕೆಲಸ ಅನ್ನಿಸಿಬಿಡುತ್ತದೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಾವು ಬರೆದ ಗುರಿ ಹೀಗಿದೆ: ಮೊದಲ ಸಂದರ್ಶನಕ್ಕೆ ಒಂದು ತಿಂಗಳ ಮುಂಚೆ ಒಪ್ಪಿಗೆ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇರಬೇಕು. ಮಾತಾಡೋಕೆ ಒಪ್ಪಿಗೆಯೇ? ಹೆಸರು ತೆಗೆದ ಬರಹವನ್ನು ಮುಂದೆ ಬೇರೆಯವರು ಓದೋಕೆ ಒಪ್ಪಿಗೆಯೇ? ಮೊದಲನೆಯದಕ್ಕೆ ಹೂಂ ಅಂದು ಎರಡನೆಯದಕ್ಕೆ ಬೇಡ ಅಂದವರು ಇದ್ದಾರೆ. ಅದು ಅವರ ಹಕ್ಕು. ಅವರ ಸಂದರ್ಶನ ಹಂಚಿಕೊಳ್ಳುವ ಫೋಲ್ಡರ್‌ಗೆ ಹೋಗುವುದಿಲ್ಲ. ಹೆಸರು ಮತ್ತು ಅದರ ಬದಲು ಬಳಸುವ ಸಂಖ್ಯೆ ಹೊಂದಿಸುವ ಪಟ್ಟಿ ಬೇರೆ ಜಾಗದಲ್ಲಿ, ಪಾಸ್‌ವರ್ಡ್ ಹಾಕಿ, ಇಬ್ಬರ ಕೈಯಲ್ಲಿ ಮಾತ್ರ ಇದೆ. ಬರೀ ಹೆಸರು ತೆಗೆದರೆ ಸಾಲದು ಅನ್ನೋದೂ ಮಾತಾಡುತ್ತಾ ಗೊತ್ತಾಯಿತು. ‘ಸೇತುವೆ ಪಕ್ಕದ ಒಂದೇ ಒಂದು ಮನೆ’ ಅಂತ ಬರೆದರೆ ಆ ಊರಿನವರಿಗೆ ಯಾರು ಅಂತ ತಿಳಿಯುವುದಿಲ್ಲವೇ?

ಪ್ರಾಜೆಕ್ಟ್ ಮುಗಿದ ಮೇಲೆ ಡೇಟಾ ಎಲ್ಲಿಗೆ ಹೋಗುತ್ತದೆ? ನಾವು ಝೆನೋಡೋ ಆರಿಸಿಕೊಂಡೆವು. ಅದು ಸಂಶೋಧನೆಯ ಡೇಟಾ ಇಡುವ ಸೈಟ್, ಯುರೋಪಿನ ಭೌತಶಾಸ್ತ್ರ ಸಂಸ್ಥೆ ಸರ್ನ್‌ನವರು 2013ರಲ್ಲಿ ಶುರು ಮಾಡಿದ್ದು, ಉಚಿತ, ಒಂದು ಸಲಕ್ಕೆ 50 ಜಿಬಿವರೆಗೆ ಇಡಬಹುದು, ಡಿಓಐ ಅನ್ನುವ ಬದಲಾಗದ ಗುರುತಿನ ಸಂಖ್ಯೆ ಕೊಡುತ್ತಾರೆ. ‘ಕೇಳಿದವರಿಗೆ ಕೊಡುತ್ತೇವೆ’ ಅಂತ ಬರೆಯುವುದನ್ನು ನಾವು ಕೈಬಿಟ್ಟೆವು. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ 2ರಿಂದ 22 ವರ್ಷ ಹಳೆಯದಾದ 516 ಜೀವಶಾಸ್ತ್ರ ಪ್ರಬಂಧಗಳ ಡೇಟಾ ಕೇಳಿ ನೋಡಿದ್ದರು. ಪ್ರಬಂಧ ಹಳೆಯದಾದಂತೆ ಡೇಟಾ ಇನ್ನೂ ಉಳಿದಿರುವ ಆಡ್ಸ್ (ಉಳಿದಿರುವ ಸಾಧ್ಯತೆಗೂ ಇಲ್ಲದಿರುವ ಸಾಧ್ಯತೆಗೂ ಇರುವ ಅನುಪಾತ) ವರ್ಷಕ್ಕೆ ಶೇ. 17ರಷ್ಟು ಇಳಿಯುತ್ತಿತ್ತು. ಇಮೇಲ್ ವಿಳಾಸ ಸತ್ತಿರುತ್ತದೆ, ಡಿಸ್ಕ್ ಅಟ್ಟದ ಮೇಲೆ ಇರುತ್ತದೆ, ಓದುವ ಯಂತ್ರ ಇರುವುದಿಲ್ಲ. ಒಳ್ಳೆಯ ಮನಸ್ಸಿದ್ದರೂ ಕೊಡೋಕೆ ಆಗುವುದಿಲ್ಲ. ಹಾಗಾಗಿ ಒಂಬತ್ತನೇ ತಿಂಗಳಲ್ಲೇ ಚಿಕ್ಕ ಭಾಗವೊಂದನ್ನು ಝೆನೋಡೋದ ಪ್ರಯೋಗದ ಸೈಟ್‌ನಲ್ಲಿ ಹಾಕಿ ನೋಡುವುದು ಅಂತ ಬರೆದುಕೊಂಡಿದ್ದೇವೆ. ಕೊನೆಯ ವಾರದಲ್ಲಿ, ಬೇರೆಯವರು ಡೇಟಾವನ್ನು ಹೇಗೆ ಬಳಸಬಹುದು ಅಂತ ಹೇಳುವ ಲೈಸೆನ್ಸ್ ಯಾವುದು ಅಂತ ಜಗಳ ಆಡುವುದು ಬೇಡ.

2016ರಲ್ಲಿ ಬಂದ ಫೇರ್ ತತ್ವಗಳ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಡೇಟಾ ಹುಡುಕಿದರೆ ಸಿಗಬೇಕು, ತೆಗೆದುಕೊಳ್ಳೋಕೆ ದಾರಿ ಇರಬೇಕು, ಬೇರೆ ಡೇಟಾ ಜೊತೆ ಕೂಡಬೇಕು, ಮತ್ತೆ ಬಳಸೋಕೆ ಬರಬೇಕು. ಪ್ಲಾನ್‌ಗಳಲ್ಲಿ ‘ನಮ್ಮ ಡೇಟಾ ಫೇರ್ ಆಗಿರುತ್ತದೆ’ ಅಂತ ಒಂದು ಸಾಲು ಬರೆಯುವುದು ಈಗ ರೂಢಿ. ಅದು ಆಸೆ, ಗುರಿ ಅಲ್ಲ. ನಾವು ಇಟ್ಟುಕೊಂಡ ಪರೀಕ್ಷೆ ಸರಳ: ಆರನೇ ತಿಂಗಳಲ್ಲಿ ಪ್ರಾಜೆಕ್ಟ್‌ಗೆ ಸಂಬಂಧವೇ ಇಲ್ಲದ ಒಬ್ಬರು ರೀಡ್‌ಮಿ ಫೈಲ್ (ಡೇಟಾ ಏನು, ಹೇಗೆ ಬಳಸಬೇಕು ಅಂತ ವಿವರಿಸುವ ಫೈಲ್) ಮಾತ್ರ ಓದಿ, ನಮ್ಮನ್ನು ಏನೂ ಕೇಳದೆ, ಒಂದು ಗಂಟೆಯೊಳಗೆ ನಮ್ಮ ಒಂದು ಗ್ರಾಫ್ ಮತ್ತೆ ಹಾಕಬೇಕು.

ಟೂಲ್ ಎಲ್ಲಿ ನಿಲ್ಲುತ್ತದೆ ಅನ್ನೋದನ್ನೂ ತಿಳಿದಿರಬೇಕು. ಅದು ಡೇಟಾ ಇಡುವ ಜಾಗ ಅಲ್ಲ, ಬಹಳ ಜನ ಹಾಗೆ ಅಂದುಕೊಂಡು ಬರುತ್ತಾರೆ. ನೀವು ಬರೆದದ್ದು ನಡೆಯುತ್ತಿದೆಯೋ ಇಲ್ಲವೋ ಅಂತ ಅದು ನೋಡುವುದಿಲ್ಲ, ‘ಲಾಗುವುದು’ ತುಂಬಿದ ಪ್ಲಾನ್ ಕೂಡ ಅಷ್ಟೇ ಚೆನ್ನಾಗಿ ಪಿಡಿಎಫ್ ಆಗುತ್ತದೆ. ಹಾಗಾಗಿ ನಮ್ಮ 11 ಗುರಿಗಳು ಬೇರೆ ಒಂದು ಶೀಟ್‌ನಲ್ಲಿವೆ: ಏನು, ಯಾರು, ಯಾವಾಗ, ಹೇಗೆ ನೋಡುವುದು, ಕೊನೆಯ ಸಲ ನೋಡಿದ ದಿನಾಂಕ. ತಿಂಗಳ ಮೀಟಿಂಗ್‌ನಲ್ಲಿ ಮೊದಲ ಹತ್ತು ನಿಮಿಷ ಅದಕ್ಕೇ. ಏನಾದರೂ ಬದಲಾದರೆ ಟೂಲ್‌ಗೆ ಹೋಗಿ ಪ್ಲಾನ್ ತಿದ್ದುತ್ತೇವೆ. ಬೇರೆಯವರು ಎಲ್ಲರಿಗೂ ಕಾಣುವ ಹಾಗೆ ಬಿಟ್ಟ ಪ್ಲಾನ್‌ಗಳೂ ಅಲ್ಲಿ ಓದೋಕೆ ಸಿಗುತ್ತವೆ. ಓದಿ, ಆದರೆ ಪಬ್ಲಿಕ್ ಆಗಿದೆ ಅಂದ ಮಾತ್ರಕ್ಕೆ ಒಳ್ಳೆಯ ಪ್ಲಾನ್ ಅಂತ ಅಲ್ಲ, ನನ್ನ ಮೊದಲ ಪ್ಲಾನ್‌ನಂಥವು ಬೇಕಾದಷ್ಟಿವೆ. ನಕಲು ಮಾಡಬೇಡಿ.

ಡೇಟಾ ಸ್ಟೀವರ್ಡ್‌ಶಿಪ್ ವಿಝಾರ್ಡ್ ಅಂತ ಇನ್ನೊಂದು ಇದೆ, ಅದನ್ನೂ ಸ್ವಲ್ಪ ನೋಡಿದೆ. ಅಲ್ಲಿ ಖಾಲಿ ಪೆಟ್ಟಿಗೆಯಲ್ಲಿ ಬರೆಯುವುದಕ್ಕಿಂತ ಆಯ್ಕೆ ಒತ್ತುವುದು ಜಾಸ್ತಿ, ಒಂದು ಉತ್ತರ ಕೊಟ್ಟರೆ ಅದರಿಂದ ಮುಂದಿನ ಪ್ರಶ್ನೆಗಳು ತೆರೆಯುತ್ತವೆ. ಮೊದಲ ಸಲ ಪ್ಲಾನ್ ಮಾಡುವವರಿಗೆ ಮರೆತ ವಿಷಯಗಳನ್ನು ನೆನಪಿಸೋಕೆ ಅದು ಒಳ್ಳೆಯದು. ಪ್ರಶ್ನೆಗಳು ಬಹಳ, ತಾಳ್ಮೆ ಬೇಕು. ಚಿಕ್ಕ ತಂಡಕ್ಕೆ ನಾನು ಡಿಎಂಪಿ ಟೂಲನ್ನೇ ಹೇಳುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಶುರು ಮಾಡುವವರು ಪ್ಲಾನ್ ತೆರೆಯುವಾಗ ಇದು ಬರೀ ಪ್ರಯೋಗಕ್ಕೆ ಅಂತ ಟಿಕ್ ಹಾಕುವ ಜಾಗ ಇದೆ, ಅದನ್ನು ಒತ್ತಿ ಒಂದು ಸಲ ಎಲ್ಲ ಪ್ರಶ್ನೆಗಳನ್ನೂ ಓದಿಬಿಡಿ. ಆಮೇಲೆ ಟೂಲ್ ಮುಚ್ಚಿ ತಂಡದ ಜೊತೆ ಕೂತು ಗುರಿ ಬರೆಯಿರಿ.

ಆರನೇ ತಿಂಗಳ ಪರೀಕ್ಷೆ ಏನಾಯಿತು ಅಂತ ಕೇಳುತ್ತೀರಲ್ವಾ? ಪಕ್ಕದ ಲ್ಯಾಬ್‌ನ ಒಬ್ಬರು ಬಂದು ಕೂತರು. ನೈಟ್ರೇಟ್ ಕಾಲಂ ಅವರಿಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು, ನನಗೆ ಎಷ್ಟು ಖುಷಿಯಾಯಿತು ಹೇಳೋಕೆ ಬರುವುದಿಲ್ಲ. ನಲವತ್ತನೇ ನಿಮಿಷಕ್ಕೆ ನಿಂತರು. ಮೂರನೇ ಸ್ಟೇಷನ್‌ನ ಸಂಖ್ಯೆಗಳು ಮಧ್ಯದಲ್ಲಿ ಇದ್ದಕ್ಕಿದ್ದಂತೆ ಬದಲಾಗಿದ್ದವು, ಯಾಕೆ ಅಂತ ರೀಡ್‌ಮಿಯಲ್ಲಿ ಇರಲಿಲ್ಲ. ಪ್ರವಾಹ ಬಂದಾಗ ಆ ಸೆನ್ಸರ್ ಅನ್ನು ನದಿ ಹರಿದು ಬರುವ ಕಡೆಗೆ ಇನ್ನೂರು ಮೀಟರ್ ಸರಿಸಿದ್ದೆವು. ಅದು ನಮ್ಮ ನಾಲ್ಕೂ ಜನರಿಗೆ ಗೊತ್ತಿತ್ತು, ಎಲ್ಲೂ ಬರೆದಿರಲಿಲ್ಲ. ಅವತ್ತೇ ಸಂಜೆ ಸರಿಸಿದ ದಿನಾಂಕ, ಹಳೆಯ ಜಾಗ, ಹೊಸ ಜಾಗ ಎಲ್ಲ ಸೇರಿಸಿದೆವು, ಸಲಕರಣೆ ಕದಲಿದ ದಿನವೇ ಬರೆಯಬೇಕು ಅಂತ ಹನ್ನೆರಡನೇ ಗುರಿಯೂ ಬಂತು. ಮುಂದಿನ ಪರೀಕ್ಷೆ ಒಂಬತ್ತನೇ ತಿಂಗಳಲ್ಲಿ, ಬೇರೊಬ್ಬರು ಕೂರುತ್ತಾರೆ.